ಡ್ರಮ್ ಇಲ್ಲ, ಆದ್ರೂ ತಾಳ ಇದೆ ಅಪ್ಪ

ಲೂಯಿವಿಲ್, ಕೆಂಟಕಿ

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ನಾನು ಆರಾಮಾಗಿದ್ದೇನೆ. ಚಳಿ ಕಡಿಮೆ ಆಗಿದೆ, ಚಟ್ನಿಪುಡಿ ಇನ್ನೂ ಮುಗಿದಿಲ್ಲ ಅಂತ ಅಮ್ಮನಿಗೆ ಹೇಳಿಬಿಡಿ. ಈ ಕಾಗದ ಮಾತ್ರ ನಿಮಗೇ, ಯಾಕಂದ್ರೆ ಇದನ್ನು ಕೇಳಿದರೆ ನಿಮ್ಮ ಕೈ ಸುಮ್ನೆ ಇರಲ್ಲ.

ಇಲ್ಲಿ ಬ್ಲೂಗ್ರಾಸ್ ಅಂತ ಒಂದು ಸಂಗೀತ ಇದೆ. ಮನೆ ಹತ್ತಿರದ ವಾದ್ಯದ ಅಂಗಡಿಯಲ್ಲಿ ಪ್ರತಿ ಮಂಗಳವಾರ ಸಂಜೆ ಹತ್ತು ಹನ್ನೆರಡು ಜನ ದುಂಡಗೆ ಕೂತು ನುಡಿಸುತ್ತಾರೆ. ಚರ್ಮ ಬಿಗಿದ ದುಂಡು ತಂತಿವಾದ್ಯ ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರ್, ನಮ್ಮ ಪಿಟೀಲು, ದಪ್ಪ ದನಿಯ ಆಳೆತ್ತರದ ತಂತಿವಾದ್ಯ ಬೇಸ್. ಡ್ರಮ್ ಇಲ್ಲ! ಮೊದಲ ದಿನ ಎಲ್ಲ ಓಡುತ್ತಲೇ ಇತ್ತು, ತಾಳ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆ. ಬ್ಯಾಂಜೊ ಕಡೆ ಗಮನ ಬೇಡ, ಮ್ಯಾಂಡೊಲಿನ್‌ನವರ ಕೈ ನೋಡು ಅಂದರು.

ನೋಡಿದೆ. ತಂತಿಗಳ ಮೇಲೆ ಒಂದು ಪೆಟ್ಟು ಕೊಟ್ಟು, ಆ ಕ್ಷಣಕ್ಕೇ ಎಡಗೈ ಬೆರಳು ಸಡಿಲಿಸಿ ನಾದ ನಿಲ್ಲಿಸಿಬಿಡುತ್ತಾರೆ. ಸ್ವರ ಕೇಳಿಸುವುದಿಲ್ಲ, ಚಕ್ ಅನ್ನುವ ಸದ್ದು ಮಾತ್ರ. ಅದಕ್ಕೆ ಚಾಪ್ ಅಂತಾರೆ. ಬೇಸ್ ದುಂ, ಮ್ಯಾಂಡೊಲಿನ್ ಚಕ್. ಭಜನೆಯಲ್ಲಿ ನೀವು ತಬಲಾದ ಎಡ ಬಲಕ್ಕೆ ಹಂಚುವ ಕೆಲಸವನ್ನು ಇಲ್ಲಿ ಇಬ್ಬರು ತಂತಿಯಲ್ಲೇ ಹಂಚಿಕೊಂಡಿದ್ದಾರೆ! ಅದು ಕಿವಿಗೆ ಬಿದ್ದ ಮೇಲೆ ಇಡೀ ಹಾಡು ಬಿಡಿಬಿಡಿಯಾಗಿ ಕೇಳತೊಡಗಿತು.

ಈ ಬ್ಲೂಗ್ರಾಸ್ ಸಂಗೀತವನ್ನು ಕಟ್ಟಿದವರು ಬಿಲ್ ಮನ್ರೋ. 1911ರಲ್ಲಿ ಇದೇ ಕೆಂಟಕಿಯ ರೋಸೀನ್ ಅನ್ನುವ ಸಣ್ಣ ಊರಲ್ಲಿ ಹುಟ್ಟಿದವರು, ಮ್ಯಾಂಡೊಲಿನ್ ವಾದಕರು. ಅವರ ತಂಡದ ಹೆಸರು ಬ್ಲೂ ಗ್ರಾಸ್ ಬಾಯ್ಸ್, ಸಂಗೀತಕ್ಕೂ ಅದೇ ಹೆಸರು ಉಳಿಯಿತು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಅನ್ನುವವರು ಬ್ಯಾಂಜೊ ಹಿಡಿದು ಆ ತಂಡಕ್ಕೆ ಬಂದರು, ಮೂರು ಬೆರಳಲ್ಲಿ ನುಡಿಸುವ ಅವರ ವೇಗವನ್ನೇ ಇವತ್ತಿಗೂ ಎಲ್ಲರೂ ಕಲಿಯುವುದು. ಸಿತಾರಿನವರ ಮಿಜ್ರಾಬ್ ನೋಡಿದ್ದೀರಲ್ವಾ, ಹಾಗೇ ಇವರೂ ಬೆರಳಿಗೆ ಲೋಹದ ಉಗುರು ಹಾಕಿಕೊಳ್ಳುತ್ತಾರೆ. ಮತ್ತೆ ಬ್ಯಾಂಜೊ ಇಲ್ಲಿನವರದೂ ಅಲ್ಲ ಅಪ್ಪ, ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ಜನರು ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯದಿಂದ ಬಂದದ್ದು. ಇದನ್ನು ತಿಳಿದಾಗಿನಿಂದ ಅದರ ಸದ್ದು ನನಗೆ ಬೇರೆಯಾಗಿಯೇ ಕೇಳಿಸುತ್ತೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೇಳಲಾ? ಹಾಡಿನ ನಡುವೆ ಒಬ್ಬೊಬ್ಬರೇ ಮುಂದೆ ಬಂದು ನುಡಿಸುತ್ತಾರೆ, ಉಳಿದವರು ಸದ್ದು ತಗ್ಗಿಸುತ್ತಾರೆ. ಮ್ಯಾಂಡೊಲಿನ್‌ನವರ ಸರದಿ ಬಂದಾಗ ಚಕ್ ನಿಲ್ಲಬೇಕಲ್ವಾ? ನಿಲ್ಲಲ್ಲ. ಯಾರೂ ಸನ್ನೆ ಮಾಡಲ್ಲ, ಬ್ಯಾಂಜೊದವರು ಅದನ್ನು ಎತ್ತಿಕೊಳ್ಳುತ್ತಾರೆ.

ಮೊನ್ನೆ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದನ್ನು ವಾಟ್ಸ್ಆ್ಯಪ್‌ಗೆ ಹಾಕಿದ್ದೇನೆ. ಇಯರ್‌ಫೋನ್ ಹಾಕಿಕೊಂಡು ತೊಡೆ ಮೇಲೆ ತಾಳ ಹಾಕುತ್ತಾ ಕೇಳಿ. ಚಕ್ ಯಾವ ಜಾಗದಲ್ಲಿ ಕೈ ಬದಲಾಯಿಸಿತು ಅಂತ ಭಾನುವಾರ ಫೋನ್ ಮಾಡಿದಾಗ ಹೇಳಿ.

ನಿಮ್ಮ ಮಗ