777 ಅನುಮತಿ, ಸಿಮ್‌ಲಿಂಕ್ ಬದಲಾವಣೆ: ನಮ್ಮ ಹೋಸ್ಟಿಂಗ್ ಗ್ರಾಹಕರಿಗೆ

ನಮಸ್ಕಾರ.

ಭಾನುವಾರ ರಾತ್ರಿ, ಹಲವು ಗ್ರಾಹಕರ ಸೈಟುಗಳು ಒಟ್ಟಿಗಿರುವ ಶೇರ್ಡ್ ಸರ್ವರ್‌ಗಳಲ್ಲಿ, ಯಾರು ಬೇಕಾದರೂ ಬರೆಯಬಹುದಾದ 777 ಅನುಮತಿ ಇದ್ದ ಫೋಲ್ಡರ್‌ಗಳನ್ನು ಒಡೆಯರಷ್ಟೇ ಬರೆಯಬಹುದಾದ 755ಕ್ಕೆ, ಫೈಲ್‌ಗಳನ್ನು 644ಕ್ಕೆ ಇಳಿಸಿದ್ದೇವೆ. ಒಂದು ಖಾತೆಯಿಂದ ಇನ್ನೊಂದು ಖಾತೆಯ ಫೈಲಿಗೆ ಹಾಕಿದ ಸಿಂಬಾಲಿಕ್ ಲಿಂಕ್ (ಸಿಮ್‌ಲಿಂಕ್, ಅಂದರೆ ಬೇರೆಡೆ ಇರುವ ಫೈಲನ್ನು ತೋರಿಸುವ ಕೈಮರ) ಇನ್ನು ತೆರೆಯುವುದಿಲ್ಲ. ಸೋಮವಾರ ಬೆಳಗ್ಗೆ ಕೆಲವರ ಸೈಟಿನಲ್ಲಿ ಪುಟ ತೆರೆಯದೆ 500 ಎರರ್ (ಸರ್ವರ್‌ನ ಒಳಗಿನ ದೋಷ ಎಂಬ ಸಂದೇಶ) ಬಂತು. ವ್ಯಾಪಾರದ ಹೊತ್ತಿನಲ್ಲಿ ಆರ್ಡರ್ ನಿಂತಿದ್ದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

“ಇಷ್ಟು ವರ್ಷ 777ನಲ್ಲೇ ನಡೀತಿತ್ತಲ್ಲ ಸಾರ್, ಈಗೇನು ಬಂತು?” ಚಿಕ್ಕಪೇಟೆಯ ಸೀರೆ ಅಂಗಡಿಯಿಂದ ಜಯನಗರದ ಟ್ಯೂಷನ್ ಸೆಂಟರ್‌ವರೆಗೆ ಎಲ್ಲರೂ ಕೇಳಿದ್ದು ಇದನ್ನೇ. ಓದಲು 4, ಬರೆಯಲು 2, ನಡೆಸಲು 1, ಕೂಡಿದರೆ 7. ಮೊದಲ ಅಂಕಿ ಖಾತೆಯ ಒಡೆಯರಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಆ ಯಂತ್ರದಲ್ಲಿರುವ ಮಿಕ್ಕೆಲ್ಲರಿಗೆ. ಶೇರ್ಡ್ ಸರ್ವರ್ ಅಂದರೆ ವಠಾರ: ಗೇಟು ಒಂದೇ, ಬೀಗ ಮನೆಮನೆಗೂ ಬೇರೆ. ಮೂರನೆಯ 7 ಕೊಟ್ಟರೆ ಪಕ್ಕದ ಖಾತೆಯಿಂದಲೂ ನಿಮ್ಮ ಫೋಲ್ಡರಿಗೆ ಫೈಲ್ ತುರುಕಬಹುದು, ಇದ್ದದ್ದನ್ನು ಅಳಿಸಬಹುದು. ಹಿಂದೆ ಎಲ್ಲರ ಪಿಎಚ್‌ಪಿಯೂ (ಸೈಟಿನ ಪುಟಗಳನ್ನು ಕಟ್ಟಿಕೊಡುವ ಪ್ರೋಗ್ರಾಂ) ಒಂದೇ ಯೂಸರ್ ಹೆಸರಿನಲ್ಲಿ ಓಡುತ್ತಿದ್ದಾಗ ಫೋಟೊ ಅಪ್‌ಲೋಡ್‌ಗೆ 777 ಬೇಕಾಗುತ್ತಿತ್ತು. ಈಗ ಪ್ರತಿ ಖಾತೆಯದೂ ಅದರದೇ ಹೆಸರಿನಲ್ಲಿ ಓಡುತ್ತದೆ, ಮೊದಲ 7 ಒಂದೇ ಸಾಕು. 755ರಲ್ಲೂ ಅಪ್‌ಲೋಡ್ ಆಗದಿದ್ದರೆ ಸಾಮಾನ್ಯವಾಗಿ ಫೋಲ್ಡರಿನ ಒಡೆತನ ಬೇರೆ ಹೆಸರಿನಲ್ಲಿರುತ್ತದೆ. ತಿಳಿಸಿ, ಸರಿಮಾಡಿಕೊಡುತ್ತೇವೆ.

ಲಿಂಕಿನ ಅಪಾಯ ಇದಕ್ಕಿಂತ ದೊಡ್ಡದು. ಯಾವುದೋ ಹಳೆಯ ಪ್ಲಗಿನ್ ಮೂಲಕ ಒಂದು ಖಾತೆಗೆ ನುಗ್ಗಿದವನು, ಅಲ್ಲಿಂದ ಪಕ್ಕದವರ ವರ್ಡ್‌ಪ್ರೆಸ್ ಕಾನ್ಫಿಗ್ ಫೈಲಿಗೆ ಲಿಂಕ್ ಹಾಕಿ ಡೇಟಾಬೇಸ್ ಪಾಸ್‌ವರ್ಡ್ ಓದಿಬಿಡಬಹುದು. ಇತ್ತೀಚೆಗೆ ಒಂದು ಖಾತೆಯಲ್ಲಿ ಅಂಥ ಲಿಂಕುಗಳು ನಮ್ಮ ಕಣ್ಣಿಗೆ ಬಿದ್ದವು. ಆಮೇಲೂ ಸುಮ್ಮನಿರುವುದು ನಮ್ಮಿಂದಾಗದು.

ಖರ್ಚು ಉಳಿಸಲು, ನಿಮ್ಮನ್ನು ವಿಪಿಎಸ್‌ಗೆ (ಒಬ್ಬರಿಗೇ ಮೀಸಲಾದ, ಹೆಚ್ಚು ಬೆಲೆಯ ವರ್ಚುವಲ್ ಸರ್ವರ್) ದೂಡಲು ಹೀಗೆ ಮಾಡಿದ್ದೇವೆ ಎಂದು ಕೆಲವರು ಬರೆದಿದ್ದೀರಿ. ಓದಿ ನೋವಾಯಿತು. ಖರ್ಚು ಏರಿದೆ. ಲಿಂಕಿನ ಒಡೆಯನೂ ಫೈಲಿನ ಒಡೆಯನೂ ಒಬ್ಬನೇ ಹೌದೋ ಅಲ್ಲವೋ ಎಂದು ನೋಡಲು ಅಪಾಚೆ (ಸೈಟಿನ ಪುಟಗಳನ್ನು ಕಳಿಸಿಕೊಡುವ ಸಾಫ್ಟ್‌ವೇರ್) ಪ್ರತಿ ಕೋರಿಕೆಗೂ ದಾರಿಯ ಒಂದೊಂದು ಫೋಲ್ಡರನ್ನೂ ಪರೀಕ್ಷಿಸುತ್ತದೆ. ಆ ಪರೀಕ್ಷೆಗೂ ಫೈಲ್ ತೆರೆಯುವುದಕ್ಕೂ ನಡುವೆ ಒಂದು ಕ್ಷಣದ ಸಂದಿ ಉಳಿಯುತ್ತದೆ. ಅದನ್ನು ಮುಚ್ಚಲು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮಟ್ಟದ ರಕ್ಷಣೆ ಕೊಂಡಿದ್ದೇವೆ, ಅದರ ಲೈಸೆನ್ಸ್ ಡಾಲರ್‌ನಲ್ಲಿ. ಖಾತೆಗೊಂದು ಪಿಎಚ್‌ಪಿ ಓಡಿಸಲು ಮೆಮೊರಿಯೂ ಹೆಚ್ಚು ಬೇಕು. ಇದರಲ್ಲಿ ಒಂದು ರೂಪಾಯಿಯೂ ನಿಮ್ಮ ಬಿಲ್ಲಿಗೆ ಬಂದಿಲ್ಲ. ಬಿಲ್ಲಿನಲ್ಲಿ ಕಾಣುವ ಶೇ 18 ಜಿಎಸ್‌ಟಿ ಸರ್ಕಾರಕ್ಕೆ ಹೋಗುವುದು.

500 ಎರರ್ ಇನ್ನೂ ಬರುತ್ತಿದ್ದರೆ, ನಿಮ್ಮ ಸೈಟಿನ ಅಪಾಚೆ ಸೆಟ್ಟಿಂಗ್‌ಗಳಿರುವ ‘.ಎಚ್‌ಟಿಆಕ್ಸೆಸ್’ ಫೈಲಿನಲ್ಲಿ ‘ಫಾಲೋಸಿಮ್‌ಲಿಂಕ್ಸ್’ ಇರುವ ಕಡೆ ‘ಸಿಮ್‌ಲಿಂಕ್ಸ್‌ಇಫ್‌ಓನರ್‌ಮ್ಯಾಚ್’ ಹಾಕಿಸಿ. ಲಿಂಕಿನ ಮುಂದೆ ಈಗಲೂ 777 ಕಂಡರೆ ಗಾಬರಿಯಾಗಬೇಡಿ. ಲಿನಕ್ಸ್‌ನಲ್ಲಿ ಲಿಂಕು ಕಾಣುವುದೇ ಹಾಗೆ, ಲೆಕ್ಕಕ್ಕೆ ಬರುವುದು ಅದು ತೋರಿಸುವ ಫೈಲಿನ ಅನುಮತಿ.

ರಿಟೇಲ್‌ಗೊಂದು, ಹೋಲ್‌ಸೇಲ್‌ಗೊಂದು ಖಾತೆ ಇಟ್ಟುಕೊಂಡು ಒಂದೇ ಫೋಟೊ ಫೋಲ್ಡರನ್ನು ಲಿಂಕ್ ಮಾಡಿದ್ದವರಿಗೆ ನಿಜವಾಗಿಯೂ ತೊಂದರೆಯಾಗಿದೆ. ಎರಡನ್ನೂ ಒಂದೇ ಖಾತೆಗೆ ತರುತ್ತೇವೆ, ಇಲ್ಲವೇ ಫೋಟೊಗಳನ್ನು ನಕಲು ಮಾಡಿಕೊಡುತ್ತೇವೆ. ಹೆಚ್ಚುವರಿ ಜಾಗಕ್ಕೆ ಹಣ ಬೇಡ.

ನಿಮ್ಮ ಡೆವಲಪರ್ “777 ಕೊಟ್ಟರೇ ಆಗೋದು” ಎಂದರೆ ಅವರಿಂದಲೇ ನಮಗೆ ಫೋನ್ ಮಾಡಿಸಿ. ಸೈಟು ತೆರೆದುಕೊಳ್ಳುವವರೆಗೂ ನಾವು ಫೋನ್ ಇಡುವುದಿಲ್ಲ.

ಇಂತಿ ನಿಮ್ಮ,
ಸರ್ವರ್ ನೋಡಿಕೊಳ್ಳುವ ಬಳಗ, ಬೆಂಗಳೂರು