ಹತ್ತಿ ಬೆಳೆ ಕಟ್ಟಿಸಿದ ಮನೆ

ಅಮೆರಿಕದ ಟೆಕ್ಸಾಸ್‌ನಲ್ಲಿ ಆಸ್ಟಿನ್‌ನಿಂದ 290ನೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಜಾನ್ಸನ್ ಸಿಟಿ ದಾಟಿದ ಮೇಲೆ ಸ್ಟೋನ್‌ವಾಲ್ ಸಿಗುತ್ತದೆ. ಇಲ್ಲಿರುವ ನಮ್ಮ ಕನ್ನಡದವರು ಪೀಚ್ ಹಣ್ಣಿಗೆ ಅಂತ ಹೋಗುವ ಊರು. ಅಲ್ಲೇ, ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಹೆಸರಿನ ಸ್ಟೇಟ್ ಪಾರ್ಕಿನೊಳಗೆ, ಸಾವರ್-ಬೆಕ್ಮನ್ ಫಾರ್ಮ್ ಅನ್ನೋ ಹಳೇ ತೋಟದ ಮನೆ ಇದೆ. ಅಧ್ಯಕ್ಷರ ಮನೆ ನೋಡಿ, ಫೋಟೊ ತೆಗೆಸಿಕೊಂಡು ವಾಪಸ್ ಬರುವವರೇ ಜಾಸ್ತಿ. ಈ ಫಾರ್ಮನ್ನು ಬಿಟ್ಟು ಬರಬೇಡಿ.

ಜರ್ಮನ್ ಮೂಲದ ಯೋಹಾನ್ ಮತ್ತು ಕ್ರಿಸ್ಟೀನ್ ಸಾವರ್ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು 1869ರಲ್ಲಿ ಇಲ್ಲಿಗೆ ಬಂದರು. ಕಲ್ಲು, ಮರದ ದಿಮ್ಮಿ ಸೇರಿಸಿ ಪುಟ್ಟದೊಂದು ಮನೆ ಎಬ್ಬಿಸಿದರು. ಮಕ್ಕಳು ಹತ್ತಾದರು. ಅವರಲ್ಲಿ ಆಗಸ್ಟಾ ಸೂಲಗಿತ್ತಿಯಾದಳು. 1908ರಲ್ಲಿ ಲಿಂಡನ್ ಜಾನ್ಸನ್ ಹುಟ್ಟಿದಾಗ ಹೆರಿಗೆ ಮಾಡಿಸಿದ್ದು ಅವಳೇ! ಅಧ್ಯಕ್ಷರ ಮನೆಗೆ ಹೋದವರು ಸೂಲಗಿತ್ತಿಯ ತವರನ್ನೂ ನೋಡಬೇಕಾದ್ದು ನ್ಯಾಯ ಅಲ್ವಾ?

1900ರಲ್ಲಿ ಜಮೀನು ಬೆಕ್ಮನ್ ಮನೆತನದ ಕೈಗೆ ಬಂತು. 1915ರಲ್ಲಿ ಹತ್ತಿ ಕೈ ಹಿಡಿಯಿತು. ಆ ದುಡ್ಡಲ್ಲಿ ಎಮಿಲ್ ಬೆಕ್ಮನ್ ಹೊಸ ಕೊಟ್ಟಿಗೆ ಕಟ್ಟಿಸಿದ. ಹಳೇ ಕಲ್ಲುಮನೆಗೆ ತಾಗಿಸಿ ಮರದ ಕೋಣೆ ಎಬ್ಬಿಸಿದ. ಪಕ್ಕದಲ್ಲೇ ವಿಕ್ಟೋರಿಯನ್ ಶೈಲಿಯ ಮನೆ ಎದ್ದಿತು. ಎರಡಕ್ಕೂ ನಡುವೆ ಜಗಲಿ. ನನಗೆ ತುಂಬಾ ಹಿಡಿಸಿದ್ದು ಇದೇ. ಕೈಯಲ್ಲಿ ಕಾಸು ಓಡಾಡಿದರೂ ಹಳೇದಕ್ಕೆ ಹಾರೆ ಹಾಕಲಿಲ್ಲ. ಬಡತನದ ಗೋಡೆ, ಸುಗ್ಗಿಯ ಗೋಡೆ ಎರಡೂ ಒಂದೇ ಅಂಗಳದಲ್ಲಿ ಕಾಣುತ್ತವೆ. ಬೆಂಗಳೂರಲ್ಲಿ ನಾವು ಮಾರಿ ಬಂದ ಮನೆಗಳ ಗತಿ ನಿಮಗೇ ಗೊತ್ತು, ಬಿಡಿ.

1966ರಲ್ಲಿ ಇದು ರಾಜ್ಯ ಸರ್ಕಾರದ ಪಾಲಾಯಿತು. ಈಗ ಅಲ್ಲಿನ ಸಿಬ್ಬಂದಿ 1918ರ ಆಸುಪಾಸಿನ ಬಟ್ಟೆ ತೊಟ್ಟು, ಆಗಿನ ಕೆಲಸಗಳನ್ನೇ ಮಾಡುತ್ತಾರೆ. ಹಸು ಕರೆಯುತ್ತಾರೆ, ಬೆಣ್ಣೆ ತೆಗೆಯುತ್ತಾರೆ, ಸೋಪು ಮಾಡುತ್ತಾರೆ. ಸೌದೆ ಒಲೆಯಲ್ಲಿ ಅಡುಗೆ. ಸುಮ್ನೆ ತೋರಿಕೆಗಲ್ಲ, ಮಧ್ಯಾಹ್ನ ಅದನ್ನೇ ಕೂತು ಉಣ್ಣುತ್ತಾರೆ.

ಅದಕ್ಕೇ ಊರಿಂದ ಬಂದಿರುವ ಅಪ್ಪ ಅಮ್ಮಂದಿರನ್ನು ಮೊದಲು ಇಲ್ಲಿಗೆ ಕರೆದುಕೊಂಡು ಹೋಗಿ ಅನ್ನುತ್ತೇನೆ. ಔಟ್ಲೆಟ್ ಮಾಲ್ ಎಲ್ಲೂ ಓಡಿಹೋಗಲ್ಲ. ಕೊಟ್ಟಿಗೆ, ಒಲೆ, ಬೆಣ್ಣೆ ಇವನ್ನೆಲ್ಲ ಅವರಿಗೆ ಯಾರೂ ವಿವರಿಸಬೇಕಿಲ್ಲ. ಪ್ರಶ್ನೆ ಕೇಳೋಕೆ ಶುರು ಮಾಡಿದರೆ ಭಾಷಾಂತರ ಮಾಡಿ ನೀವೇ ಸುಸ್ತಾಗುತ್ತೀರಿ. ಮೊಮ್ಮಕ್ಕಳೂ ಆವತ್ತು ಅಜ್ಜಿ ಹಿಂದೆಯೇ ಸುತ್ತುತ್ತಾರೆ.

ಪ್ರವೇಶಕ್ಕೆ ದುಡ್ಡಿಲ್ಲ. ತೆರೆದಿರುವ ದಿನ ನೋಡಿಕೊಂಡು ಹೊರಡಿ. ಒಂದು ಮಾತು: ಹಂದಿ ಮಾಂಸಕ್ಕೆ ಹೊಗೆ ಕೊಡುವ ಕೋಣೆಯೂ ಅಲ್ಲಿದೆ. ಮಡಿ ಮಾಡುವ ಅಜ್ಜಿಯರಿದ್ದರೆ ಕಾರು ಹತ್ತುವ ಮೊದಲೇ ಹೇಳಿಬಿಡಿ.