ಎಸ್‌ಜಿಪಿಟಿ ನಾರ್ಮಲ್ ಇದ್ರೆ ವೈರಸ್ ಇಲ್ಲ ಅಂತಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಆರೋಗ್ಯ ಪುಟದಲ್ಲಿ ಲಿವರ್ ಬಗ್ಗೆ ಬಂದ ಲೇಖನ ಚೆನ್ನಾಗೇ ಇತ್ತು, ಆದ್ರೆ ಲಿವರ್ ಟೆಸ್ಟ್‌ನಲ್ಲಿ ನೋಡೋ ಎಸ್‌ಜಿಪಿಟಿ, ಎಸ್‌ಜಿಒಟಿ ಅನ್ನೋ ಎನ್‌ಜೈಮ್‌ಗಳು ನಾರ್ಮಲ್ ಇದ್ರೆ ಹೆಪಟೈಟಿಸ್ (ಲಿವರ್ ಊತ) ಭಯ ಬೇಡ ಅನ್ನೋ ಥರ ಒಂದು ಸಾಲು ಇತ್ತಲ್ಲ, ಅದನ್ನ ಓದಿ ಸುಮ್ನಿರೋಕೆ ಆಗ್ಲಿಲ್ಲ. ನಾನು ಲ್ಯಾಬ್ ಟೆಕ್ನಿಷಿಯನ್, ಕೌಂಟರ್‌ನಲ್ಲಿ ದಿನಾ ನೋಡ್ತೀನಿ, ಜನ ಕವರ್ ಅಲ್ಲೇ ಹರಿದು, ದಪ್ಪ ಅಕ್ಷರದಲ್ಲಿ ಏನಾದ್ರೂ ಪ್ರಿಂಟ್ ಆಗಿದ್ಯಾ ಅಂತ ಬೆರಳಿಟ್ಟು ಹುಡುಕಿ, ಇಲ್ಲ ಅಂದ್ರೆ "ಎಲ್ಲಾ ನಾರ್ಮಲ್ ಅಲ್ವಾ ಸಾರ್" ಅಂತ ಹೊರಟೇ ಬಿಡ್ತಾರೆ.

ಈ ಎರಡು ಎನ್‌ಜೈಮ್ ಇರೋದು ಸೆಲ್ ಒಳಗೆ, ಸೆಲ್ ಹಾಳಾದಾಗ ರಕ್ತಕ್ಕೆ ಸೋರ್ತವೆ, ಅಷ್ಟೇ. ಯಾಕೆ ಹಾಳಾಯ್ತು ಅಂತ ಅವು ಹೇಳಲ್ಲ. 40ರ ಒಳಗೆ ಇರ್ಬೇಕಾದ ಎಸ್‌ಜಿಪಿಟಿ, ನೀರಿಂದ ಬರೋ ಹೆಪಟೈಟಿಸ್ ಎ ಅಥವಾ ಇ ಆದಾಗ ಸಾವಿರ ದಾಟೋದು ಮಾಮೂಲಿ, ಕಣ್ಣು ಹಳದಿ ಆಗೋಕೆ ಮುಂಚೆನೇ ಏರಿರತ್ತೆ. ಕುಡಿತದಿಂದ ಲಿವರ್ ಕೆಟ್ಟೋರಲ್ಲಿ ಎಸ್‌ಜಿಒಟಿ ಸಾಮಾನ್ಯವಾಗಿ ಎಸ್‌ಜಿಪಿಟಿಗಿಂತ ಎರಡು ಪಟ್ಟು ಜಾಸ್ತಿ ಇರತ್ತೆ ಆದ್ರೆ 300, 400 ದಾಟೋದು ಕಮ್ಮಿ, ವೈರಸ್ ಆದ್ರೆ ಸಾಮಾನ್ಯವಾಗಿ ಎಸ್‌ಜಿಪಿಟಿ ಮುಂದೆ. ಇಟಲಿಯ ವೈದ್ಯ ಡಿ ರಿಟಿಸ್ 1957ರಷ್ಟು ಹಿಂದೇನೇ ಈ ಎರಡರ ರೇಷಿಯೋ ಬಗ್ಗೆ ಬರೆದಿದ್ರು, ಈಗ್ಲೂ ಅದಕ್ಕೆ ಅವರದೇ ಹೆಸರು. ಹೊಸದಾಗಿ ಜಿಮ್ ಸೇರಿ ಜೋಶ್‌ನಲ್ಲಿ ವೇಟ್ ಎತ್ತಿದ ಹುಡುಗ್ರಿಗೂ ಇವು ಏರ್ತವೆ, ಅವರನ್ನ ನೋಡಿ ಮನೆಯೋರು ಗಾಬರಿ ಆಗೋದು ಬೇರೆ ಕಥೆ.

ನನ್ನ ತಕರಾರು ಇರೋದು ಹೆಪಟೈಟಿಸ್ ಬಿ ಮತ್ತು ಸಿ ವಿಷಯದಲ್ಲಿ. ತಾಯಿಯಿಂದ ಹುಟ್ಟುವಾಗ್ಲೇ ಹೆಪಟೈಟಿಸ್ ಬಿ ಅಂಟಿದ ಮಕ್ಕಳಲ್ಲಿ ಸುಮಾರು 90 ಪರ್ಸೆಂಟ್‌ಗೆ ಅದು ಉಳಿದೇ ಬಿಡತ್ತೆ. ಲಿವರ್ ಸೆಲ್‌ನ ಕೊಲ್ಲೋದು ಹೆಚ್ಚಾಗಿ ವೈರಸ್ ಅಲ್ಲ, ಅದರ ಮೇಲೆ ಬೀಳೋ ನಮ್ಮದೇ ಇಮ್ಯೂನಿಟಿ, ಅದು ಸುಮ್ನಿದ್ರೆ ರಕ್ತದಲ್ಲಿ ವೈರಸ್ ಕೋಟಿಗಟ್ಟಲೆ ಇದ್ರೂ ಎಸ್‌ಜಿಪಿಟಿ ವರ್ಷಗಟ್ಟಲೆ 25, 30 ಅಂತ ತೋರಿಸ್ತಾ ಇರ್ಬಹುದು. ಸಿ ಇದ್ದೋರಲ್ಲಂತೂ ಎಸ್‌ಜಿಪಿಟಿ ಒಂದ್ಸಲ ಏರತ್ತೆ ಒಂದ್ಸಲ ಇಳಿಯತ್ತೆ, ಇಳಿದಾಗ ಟೆಸ್ಟ್ ಮಾಡ್ಸಿದ್ರೆ ರಿಪೋರ್ಟ್ ಕ್ಲೀನ್. ಎಷ್ಟೋ ಜನಕ್ಕೆ ಹರ್ನಿಯಾನೋ ಹೆರಿಗೆನೋ ಅಂತ ಆಪರೇಷನ್‌ಗೆ ಮುಂಚೆ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಇದ್ಯಾ ಅಂತ ನೋಡೋ ರಕ್ತ ಪರೀಕ್ಷೆ) ಮಾಡಿದಾಗ್ಲೇ ಮೊದಲ ಸಲ ಗೊತ್ತಾಗೋದು.

ಇನ್ನೊಂದು ಇದಕ್ಕಿಂತ ಅಪಾಯ. ಜಾಂಡೀಸ್ ಬಂದೋರಿಗೆ ಎಸ್‌ಜಿಪಿಟಿ 2000 ಇದ್ದಿದ್ದು 300ಕ್ಕೆ ಇಳೀತು, ನೆಲನೆಲ್ಲಿ ರಸ ಕೆಲಸ ಮಾಡ್ತು ಅಂತ ಖುಷಿ ಪಡ್ತಾರೆ. ಹೆಪಟೈಟಿಸ್ ಎ ಬಹುತೇಕ ತಾನಾಗೇ ವಾಸಿ ಆಗತ್ತೆ, ರಸ ಕುಡಿದ್ರೂ ಬಿಟ್ರೂ. ಆದ್ರೆ ಎನ್‌ಜೈಮ್ ಇಳೀತಾ ಬಿಲಿರುಬಿನ್ (ಕಣ್ಣು ಹಳದಿ ಮಾಡೋ ಅಂಶ) ಏರ್ತಾ ಇದೆ, ಪಿಟಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅನ್ನೋ ಟೆಸ್ಟ್) ಜಾಸ್ತಿ ಆಗ್ತಿದೆ, ಪೇಷಂಟ್ ತೂಕಡಿಸ್ತಾ ಏನೇನೋ ಮಾತಾಡ್ತಿದಾರೆ ಅಂದ್ರೆ, ಸೋರೋಕೆ ಸೆಲ್ಲೇ ಉಳಿದಿಲ್ಲ ಅಂತ ಅರ್ಥ, ಆಗ ಮನೇಲಿ ಪಥ್ಯ ಮಾಡ್ಕೊಂಡು ಕೂರೋದಲ್ಲ, ತಕ್ಷಣ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಗರ್ಭಿಣಿಯರಿಗೆ ಕೊನೇ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದ್ರೆ ಹೀಗಾಗೋ ಚಾನ್ಸ್ ತುಂಬಾನೇ ಜಾಸ್ತಿ.

ಹೆಲ್ತ್ ಚೆಕಪ್ ಪ್ಯಾಕೇಜ್‌ಗಳಲ್ಲಿ ವಿಟಮಿನ್ ಅದು ಇದು ಅಂತ ಪಟ್ಟಿ ಉದ್ದ ಮಾಡ್ತಾರೆ, ಎಚ್‌ಬಿಎಸ್‌ಎಜಿ, ಆಂಟಿ ಎಚ್‌ಸಿವಿ (ಹೆಪಟೈಟಿಸ್ ಸಿ ಟೆಸ್ಟ್) ಎರಡೂ ಎಷ್ಟೋ ಪ್ಯಾಕೇಜಲ್ಲಿ ಇರಲ್ಲ. ಜೀವಮಾನದಲ್ಲಿ ಒಂದ್ಸಲನಾದ್ರೂ ಕೇಳಿ ಮಾಡ್ಸಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಟೆಸ್ಟು, ಮಾತ್ರೆ ಎರಡೂ ಫ್ರೀ, ಸಿ ಆದ್ರೆ ಹೆಚ್ಚಿನವರಿಗೆ 12 ವಾರದ ಮಾತ್ರೆಲಿ ವಾಸಿನೇ ಆಗತ್ತೆ. ನಮ್ಮ ಜಿಲ್ಲೇಲಿ ಈ ಸೆಂಟರ್ ಎಲ್ಲಿದೆ, ಯಾವ ದಿನ ಹೋಗ್ಬೇಕು ಅಂತ ದಯವಿಟ್ಟು ಮುಂದಿನ ಆರೋಗ್ಯ ಪುಟದಲ್ಲಿ ಹಾಕಿ, ಆ ಸಾಲನ್ನೂ ಸರಿಪಡಿಸಿ.

– ಒಬ್ಬ ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ